ಮಸಾಲೆ ಖಾರ: ನಾಲ್ಕು ಚೀಟಿಗಳ ವಿಮರ್ಶೆ

ಕಾವ್ಯಕ್ಕೆ ವಿಮರ್ಶಕರಿದ್ದಾರೆ, ಕಾದಂಬರಿಗಿದ್ದಾರೆ, ಸಂಘದ ವಾರ್ಷಿಕೋತ್ಸವದ ನಾಟಕಕ್ಕಂತೂ ಪ್ರೇಕ್ಷಕರಿಗಿಂತ ವಿಮರ್ಶಕರೇ ಹೆಚ್ಚು. ಆದರೆ ಅಡಿಗೆಯ ಬರಹವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚಿದ್ದನ್ನು ನಾವು ಕಂಡದ್ದು ಕಡಿಮೆ. ಓದಿದ ದಿನವೇ ಕಾರ್ಯರೂಪಕ್ಕೆ ಬಂದು, ಸಂಜೆಯೊಳಗೆ ಸರಿ-ತಪ್ಪಿನ ತೀರ್ಪನ್ನೂ ಪಡೆದುಬಿಡುವ ಬರಹ, ಪಂಚಾಂಗವನ್ನು ಬಿಟ್ಟರೆ, ಇದೊಂದೇ ಇರಬೇಕು. ಅಂಥದನ್ನು ಹೆಂಗಸರ ಪುಟವೆಂದು ಹಿಂದಕ್ಕೆ ಸರಿಸಿ, ಮುಂದಿನ ಪುಟಗಳಲ್ಲಿ ನವ್ಯ-ನವ್ಯೋತ್ತರದ ಚರ್ಚೆ ನಡೆಸುವುದು ನಮ್ಮ ಪತ್ರಿಕೆಗಳ ವಾಡಿಕೆ. ಈ ಸಲ ನಾವು ಹಿಂದಿನ ಪುಟದಿಂದಲೇ ಆರಂಭಿಸಲು ಸಂಪಾದಕರ ಅನುಮತಿ ಪಡೆದಿದ್ದೇವೆ.

ನಮ್ಮ ಮುಂದಿರುವುದು ನಾಲ್ಕು ಚೀಟಿಗಳು. ನಾಲ್ಕೂ ಈ ಊರಿನ ಕನ್ನಡ ಮನೆಗಳವು, ನಾಲ್ಕೂ ಮೆಣಸಿನಕಾಯಿ ಪ್ರಧಾನವಾದ ಪುಡಿಯವು. ಒಂದು ಮೈಸೂರು ಕಡೆಯ ಹುಳಿಪುಡಿ, ಒಂದು ಹಾವೇರಿ ಕಡೆಯ ಮಸಾಲಿ ಖಾರ, ಒಂದು ಮಂಗಳೂರು ಕಡೆಯ ಸಾರಿನ ಪುಡಿ, ಕೊನೆಯದು ಕಲಬುರ್ಗಿ ಕಡೆಯ ವರ್ಷದ ಖಾರ. ಇವು ನಾಲ್ಕೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕರೂ ಆಶ್ಚರ್ಯವಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರ್ಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಕೋರ್ಟು, ಕಾಲೇಜು, ದವಾಖಾನೆ ಎಲ್ಲಕ್ಕೂ ಜನ ಇಲ್ಲಿಗೇ ಬರುತ್ತಿದ್ದರು, ಬಂದವರಲ್ಲಿ ಅನೇಕರು ಇಲ್ಲೇ ಉಳಿದರು. ಆಮೇಲೆ ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿ, ಪ್ರಯೋಗಶಾಲೆಗಳ ವರ್ಗಾವಣೆಯಲ್ಲಿ ಮೈಸೂರು, ಮಂಗಳೂರು, ಧಾರವಾಡದವರು ಸೇರಿಕೊಂಡರು. ನಾವೂ ಆ ಎರಡನೆಯ ಗುಂಪಿನವರೇ.

ಚೀಟಿಗಳಿಗೆ ಹೋಗುವ ಮುನ್ನ ಒಂದು ಮಾತು. ಮೆಣಸಿನಕಾಯಿಯ ಪುಡಿಯನ್ನು 'ಪುರಾತನ', 'ಪಾರಂಪರಿಕ' ಎಂದು ಪೊಟ್ಟಣದ ಮೇಲೆ ಅಚ್ಚು ಹಾಕುವವರು ನಮ್ಮ ಹಳೆಯ ಗ್ರಂಥಗಳನ್ನು ಒಮ್ಮೆ ನೋಡಿದರೆ ಒಳ್ಳೆಯದು. ಇಲ್ಲಿಂದ ದೂರವೇನೂ ಇಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹನ್ನೆರಡನೆಯ ಶತಮಾನದ್ದು. ಅದರ ಅನ್ನಭೋಗದಲ್ಲಿ ಇಂಗು ಉಂಟು, ಜೀರಿಗೆ ಉಂಟು, ಕರಿಮೆಣಸು ಉಂಟು. ಮೂರನೆಯ ಮಂಗರಸ 1508ರ ಸುಮಾರಿಗೆ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಬದನೆಕಾಯಿಗೆ ಸಿಕ್ಕ ಮರ್ಯಾದೆ ನೋಡಿದರೆ ಇಂದಿನ ಎಣ್ಣೆಗಾಯಿಯ ಭಕ್ತರು ಕೈಮುಗಿಯಬೇಕು. ಮೆಣಸಿನಕಾಯಿ ಮಾತ್ರ ಎರಡರಲ್ಲೂ ಇಲ್ಲ, ಇರುವಂತೆಯೂ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳೊಡನೆ ಹದಿನಾರನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಅದಕ್ಕೆ ಹೊಸ ಹೆಸರು ಹುಡುಕುವ ತೊಂದರೆಯನ್ನು ಕನ್ನಡಿಗರು ತೆಗೆದುಕೊಳ್ಳಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ, ಆದ್ದರಿಂದ ಮೆಣಸಿನಕಾಯಿ. ಬಾಡಿಗೆಗೆ ಬಂದವನೇ ಮನೆಯ ಯಜಮಾನನಾದಂತೆ, ಆಮೇಲೆ ಮೂಲದ ಮೆಣಸೇ 'ಕರಿ' ಎಂದೋ 'ಕಾಳು' ಎಂದೋ 'ಒಳ್ಳೆ' ಎಂದೋ ಒಂದು ವಿಶೇಷಣ ಹೊತ್ತು ತಿರುಗಬೇಕಾಯಿತು. ಖಾರ ಎಂಬ ಮಾತಿನ ಕಥೆಯೂ ಇಂಥದ್ದೇ. ಕ್ಷಾರದಿಂದ ಬಂದು, ನಾಲಗೆ ಉರಿಸುವ ರುಚಿಗೆ ಹೆಸರಾಗಿ, ಉತ್ತರ ಕರ್ನಾಟಕದಲ್ಲೂ ತೆಲುಗಿನಲ್ಲೂ ಕೆಂಪು ಪುಡಿಗೇ ನಿಂತುಬಿಟ್ಟಿತು.

ಈ ಹೆಸರಿನ ಗೊಂದಲ ಬರೀ ಪಂಡಿತರ ವಿನೋದವಲ್ಲ ಎಂಬುದಕ್ಕೆ ಮಂಗಳೂರಿನ ಚೀಟಿಯೇ ಸಾಕ್ಷಿ. ಅದರಲ್ಲಿ 'ಮೆಣಸು 40' ಎಂದಿದೆ. ಕರಾವಳಿಯವರಿಗೆ ಮೆಣಸು ಎಂದರೆ ಒಣಮೆಣಸಿನಕಾಯಿ. ಮೈಸೂರಿನವರಿಗೆ ಕರಿಮೆಣಸಿನ ಕಾಳು. ಮೈಸೂರಿನ ಸೊಸೆಯೊಬ್ಬಳು ಈ ಚೀಟಿ ಹಿಡಿದು ನಲವತ್ತು ಕಾಳು ಎಣಿಸಿ ಹಾಕಿದರೆ ಆಗುವುದು ಸಾರಿನ ಪುಡಿಯಲ್ಲ, ಶೀತಕ್ಕೆ ಕಷಾಯದ ಪುಡಿ. ಉಳಿದಂತೆ ಆ ಚೀಟಿ ಚೊಕ್ಕವಾದದ್ದು. ಒಂದೊಂದನ್ನೂ ತೆಂಗಿನೆಣ್ಣೆಯ ಪಸೆಯಲ್ಲಿ ಬೇರೆ ಬೇರೆ ಹುರಿಯಬೇಕು, ಕಡೆಯಲ್ಲಿ ಕರಿಬೇವು, ಎರಡು ತಿಂಗಳಿಗಿಂತ ಹೆಚ್ಚು ಇಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುವ ಬರಹ. ವಿಮರ್ಶಕನಿಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ.

ಮೈಸೂರಿನ ಚೀಟಿಯಲ್ಲಿ ಕೆಲಸವಿದೆ. ಅಜ್ಜಿ ಮೊಮ್ಮಗಳಿಗೆ ಹೇಳಿ ಬರೆಸಿದ್ದು; ಅಕ್ಷರ ಮುತ್ತಿನಂತಿದೆ. ಮೆಣಸಿನಕಾಯಿ ಅರ್ಧ ಸೇರು, ಕೊತ್ತಂಬರಿ ಬೀಜ ಅರ್ಧ ಸೇರು. ಕಡಲೆಬೇಳೆ, ಉದ್ದಿನಬೇಳೆ ಹಿಡಿ ಹಿಡಿ. ಮೆಂತ್ಯ, ಜೀರಿಗೆ, ಚಕ್ಕೆ, ಇಂಗು ಇವು ತೊಲದ ಲೆಕ್ಕದಲ್ಲಿ. ನೋಡಲು ಇಷ್ಟು ಖಚಿತವಾದ ಪಾಠ ಇನ್ನೊಂದಿಲ್ಲ. ತೊಡಕಿರುವುದು ಆ ಖಚಿತತೆಯಲ್ಲೇ. ಹಳೆಯ ಮೈಸೂರಿನ ಕಚ್ಚಾ ಸೇರು 24 ತೊಲದ್ದು. ಪಕ್ಕಾ ಸೇರು 80 ತೊಲದ್ದು. ಅಜ್ಜಿಯ ಅರ್ಧ ಸೇರು ನಮ್ಮ ಇಂದಿನ ಲೆಕ್ಕದಲ್ಲಿ 140 ಗ್ರಾಂ. ಪಕ್ಕಾ ಸೇರೇ ಸೇರೆಂದು ತಿಳಿದವರಿಗೆ ಅದು 466 ಗ್ರಾಂ. ಮೆಣಸಿನಕಾಯಿ, ಕೊತ್ತಂಬರಿ ಎರಡೂ ಸೇರಿನಲ್ಲೇ ಇರುವುದರಿಂದ ಅವುಗಳ ನಡುವೆ ಜಗಳವಿಲ್ಲ. ಆದರೆ ತೊಲ ಎಲ್ಲ ಕಡೆಯೂ ತೊಲವೇ ಆದ್ದರಿಂದ, ಸೇರು ಬದಲಾದ ಕೂಡಲೇ ಮೆಂತ್ಯ, ಇಂಗುಗಳ ಪ್ರಮಾಣ ಮೂರನೆಯ ಒಂದು ಭಾಗಕ್ಕೂ ಕೆಳಗಿಳಿದು, ಹುಳಿಯಲ್ಲಿ ಬರೀ ಉರಿ ಉಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. 1958ರಿಂದ ಮೆಟ್ರಿಕ್ ತೂಕ ಹಂತಹಂತವಾಗಿ ಬಂದು ಸೇರು-ತೊಲಗಳೆರಡೂ ಅಂಗಡಿಯಿಂದ ಮಾಯವಾದದ್ದು ಸಮಸ್ಯೆಯನ್ನು ಬಗೆಹರಿಸಲಿಲ್ಲ, ಮುಚ್ಚಿಹಾಕಿತು ಅಷ್ಟೇ. ಈ ಚೀಟಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ 'ಇಲ್ಲಿಯ ಸೇರಲ್ಲ' ಎಂದು ಮೂರು ಗೆರೆ ಎಳೆದು ಬರೆದಿದ್ದಾರೆ. ಹಸ್ತಪ್ರತಿಗಳ ಅಂಚಿನ ಟಿಪ್ಪಣಿಗಳನ್ನು ನೋಡಿ ಹಿಗ್ಗುವ ವಿದ್ವಾಂಸರ ಸಂತೋಷ ಏನೆಂಬುದು ನಮಗೆ ಅಂದು ತಿಳಿಯಿತು.

ಇಲ್ಲಿ ಅಚ್ಚಾದ ಅಡಿಗೆ ಪುಸ್ತಕಗಳ ವಿಷಯಕ್ಕೆ ಬರಬೇಕು. 'ರುಚಿಗೆ ತಕ್ಕಷ್ಟು', 'ಘಮ್ಮೆನ್ನುವವರೆಗೆ', 'ಹದವಾಗಿ' ಎಂಬ ಮಾತುಗಳನ್ನು ಹಿಡಿದು ವಿಜ್ಞಾನ ಓದಿದವರು ಗೇಲಿ ಮಾಡುವುದುಂಟು. ನಾವು ಬಿ.ಎಸ್‌ಸಿ. ಓದಿದವರಾದರೂ ಆ ಗೇಲಿಗೆ ಸೇರಲಾರೆವು. ಮೆಣಸಿನಕಾಯಿಯ ಖಾರವನ್ನು ಅಳೆಯಲು 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಕಂಡುಹಿಡಿದ ವಿಧಾನವೇ ನೋಡಿ: ಖಾರದ ಸಾರವನ್ನು ಸಕ್ಕರೆ ನೀರಿನಲ್ಲಿ ತಿಳಿಮಾಡುತ್ತ ಹೋಗುವುದು, ಕೆಲವರ ನಾಲಗೆಗೆ ಕೊಡುವುದು, ಉರಿ ತಿಳಿಯದಂತಾದಾಗ ನಿಲ್ಲಿಸುವುದು. ಶಾಸ್ತ್ರವೂ ನಾಲಗೆಯಿಂದಲೇ ಹೊರಟಿತು. ಪುಸ್ತಕಗಳ ದೋಷ ಹದ ಎಂದದ್ದರಲ್ಲಿ ಇಲ್ಲ. ಅಂಕಿ ಬೇಡವಾದ ಕಡೆ ಅಂಕಿ ಕೊಟ್ಟು, ಬೇಕಾದ ಕಡೆ ಹೆಸರನ್ನೇ ಕೊಡದಿರುವುದರಲ್ಲಿದೆ. 'ಒಣಮೆಣಸಿನಕಾಯಿ 20' ಎಂದರೆ ಯಾವುದು? ಬ್ಯಾಡಗಿಗೆ ಸಾಮಾನ್ಯವಾಗಿ ಕೊಡುವ ಸ್ಕೋವಿಲ್ ಅಂಕಿ 8ರಿಂದ 15 ಸಾವಿರ, ಗುಂಟೂರು ಸಣ್ಣಂಗೆ 35ರಿಂದ 40 ಸಾವಿರ. ಬೆಂಗಳೂರಿನಲ್ಲಿ ಬ್ಯಾಡಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಇಪ್ಪತ್ತನ್ನು, ಇಲ್ಲಿ ಮಲಕ್‌ಪೇಟೆಯ ಮಾರುಕಟ್ಟೆಯಲ್ಲಿ ಮೊದಲು ಕೈಗೆ ಸಿಕ್ಕ ಕಾಯಿಯಿಂದ ಎಣಿಸಿದರೆ, ಊಟಕ್ಕೆ ಕುಳಿತವರು ಲೇಖಕಿಯನ್ನು ನೆನೆಯುವ ಬಗೆ ಹೇಳುವಂಥದಲ್ಲ. ಹೆಸರು ಹೇಳಿ ಅಂಕಿ ಬಿಟ್ಟಿದ್ದರೂ ನಡೆಯುತ್ತಿತ್ತು.

ಹಾವೇರಿಯ ಚೀಟಿ ಈ ದೃಷ್ಟಿಯಿಂದ ನಾಲ್ಕರಲ್ಲಿ ಶ್ರೇಷ್ಠವಾದದ್ದು ಎಂದು ನಮ್ಮ ತೀರ್ಪು. ಅದು ಸೇರನ್ನೂ ಹೇಳುವುದಿಲ್ಲ, ಕಿಲೋವನ್ನೂ ಹೇಳುವುದಿಲ್ಲ; ಪಾಲು ಹೇಳುತ್ತದೆ. 'ಬ್ಯಾಡಗಿ ಕಡ್ಡಿ ನಾಕ ಪಾಲು, ಗುಂಟೂರು ಒಂದು ಪಾಲು. ಬಣ್ಣಕ್ಕ ಅದು, ಖಾರಕ್ಕ ಇದು.' ಒಂದು ಸಾಲಿನಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎರಡೂ ಮುಗಿದವು. ಬಣ್ಣವೂ ಖಾರವೂ ಒಂದೇ ಎಂದು ತಿಳಿದವರು ಇಂದಿಗೂ ಅನೇಕರು. ಕೆಂಪು ಬರುವುದು ಕ್ಯಾಪ್ಸಾಂಥಿನ್ ಮುಂತಾದ ಬಣ್ಣದ ವಸ್ತುಗಳಿಂದ, ಅವು ಸಿಪ್ಪೆಯಲ್ಲಿವೆ. ಉರಿ ಬರುವುದು ಕ್ಯಾಪ್ಸೈಸಿನ್‌ನಿಂದ, ಅದು ಹುಟ್ಟುವುದು ಬೀಜದಲ್ಲೂ ಅಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಪೊರೆಯಲ್ಲಿ. ಬ್ಯಾಡಗಿಯ ಸುಕ್ಕುಗಟ್ಟಿದ ಸಿಪ್ಪೆಗೆ ಮೊದಲನೆಯದು ಧಾರಾಳ, ಎರಡನೆಯದು ಮಿತ. ಈ ಕೆಂಪಿನ ಸಲುವಾಗಿಯೇ ಅದಕ್ಕೆ 2011ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದ್ದೇನೋ ಎನ್ನುವಷ್ಟು ಅದರ ಬಣ್ಣ ಪ್ರಸಿದ್ಧ. ಈಗ ಓಲಿಯೋರೆಸಿನ್ ಎಂಬ ಸಾರವಾಗಿ ಹಿಂಡಿಸಿಕೊಂಡು ಅದು ತುಟಿಯ ಬಣ್ಣದವರೆಗೂ ಹೋಗುತ್ತದೆ. ಆದರೆ ಬೆಳೆದವನ ಪಾಡು ಬೇರೆ. 2024ರ ಮಾರ್ಚ್ 11ರಂದು ಬೆಲೆ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಆವರಣದಲ್ಲಿ ವಾಹನಗಳಿಗೆ ಬೆಂಕಿಯಿಟ್ಟ ಸುದ್ದಿ ವಾಚಕರಿಗೆ ನೆನಪಿರಬಹುದು. ನಾವು ಇಲ್ಲಿ ಬೇಗಂ ಬಜಾರಿನಲ್ಲಿ ಬ್ಯಾಡಗಿ ದುಬಾರಿಯೆಂದು ಗೊಣಗುವ ಹೊತ್ತಿಗೆ ಅಲ್ಲಿ ಅದು ಅಗ್ಗವಾಯಿತೆಂದು ಬೆಂಕಿ ಬಿದ್ದಿರುತ್ತದೆ.

ಇದೇ ಚೀಟಿಯ ಇನ್ನೊಂದು ಸಾಲು: 'ತುಂಬು ಮುರದು ಬಿಸಲಿಗೆ ಹಾಕೂದು. ಕಾಯಿ ಮುರದ್ರ ಟಪ್ ಅಂತ ಸಪ್ಪಳ ಬರಬೇಕು.' ತೇವಾಂಶ ಇಷ್ಟು ಶೇಕಡಾ ಇರಬೇಕೆಂದು ಬರೆದಿದ್ದರೆ ಯಾವ ಮನೆಯಲ್ಲಿ ಅಳೆಯುತ್ತಿದ್ದರು? ಸಪ್ಪಳವನ್ನು ಕುರುಡನೂ ಅಳೆಯಬಹುದು. ಇದು ಸಣ್ಣ ಸಂಗತಿಯಲ್ಲ. ಪಸೆ ಉಳಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಮಾಡಿದ್ದೆಲ್ಲ ಶುದ್ಧ, ಅಂಗಡಿಯದೆಲ್ಲ ಕಲಬೆರಕೆ ಎಂಬ ನಂಬಿಕೆಯನ್ನು ನಾವು ಒಪ್ಪದಿರುವುದು ಇದಕ್ಕೇ. ಅಂಗಡಿಯ ಪುಡಿಗೆ ತನ್ನದೇ ಪಾಪಗಳಿವೆ, ಅಲ್ಲಗಳೆಯುವುದಿಲ್ಲ. ಸೂಡಾನ್ ಎಂಬ ಕೈಗಾರಿಕೆಯ ಬಣ್ಣ ಬೆರೆತ ಮೆಣಸಿನ ಪುಡಿಯಿಂದಾಗಿ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ಎಥಿಲೀನ್ ಆಕ್ಸೈಡಿನ ಕಾರಣಕ್ಕೆ ನಮ್ಮ ಕೆಲವು ಮಸಾಲೆಗಳನ್ನು ತಡೆದವು. ಆದರೂ ಒದ್ದೆ ಕಾಯಿಯ ಮನೆಪುಡಿಗಿಂತ ಒಣಕಾಯಿಯ ಅಂಗಡಿಪುಡಿ ಮೇಲು.

ಒಣಗಿಸಲು ಹೈದರಾಬಾದಿನ ಏಪ್ರಿಲ್-ಮೇ ಬಿಸಿಲಿನಂಥದು ಇನ್ನೊಂದಿಲ್ಲ. ತಾರಸಿ ಮಾತ್ರ ಸಿಗುವುದಿಲ್ಲ. ನಮಗೆ ತಿಳಿದ ಒಂದು ವಸತಿ ಸಮುಚ್ಚಯದಲ್ಲಿ 'ಮಿರ್ಚಿ, ಹಪ್ಪಳ ಮುಂತಾದವನ್ನು ಮೇಲೆ ಹರಡಕೂಡದು' ಎಂದು ಲಿಫ್ಟಿನಲ್ಲೇ ಸುತ್ತೋಲೆ ಅಂಟಿಸಿದ್ದಾರೆ. ಸುತ್ತೋಲೆಗಳ ನಡುವೆಯೇ ಜೀವನ ಸವೆಸುವ ನಮ್ಮಂಥವರು ಅದರ ಭಾಷೆಯನ್ನು ಮೆಚ್ಚಿದೆವು. 'ಮುಂತಾದವನ್ನು' ಎಂಬ ಒಂದು ಮಾತಿನಿಂದ ಸಂಡಿಗೆಯೂ ಸಿಕ್ಕಿಬಿತ್ತು.

ಬ್ಯಾಡಗಿ ಸಿಗದಾಗ ಏನು ಮಾಡಬೇಕು? ಶುದ್ಧಿವಾದಿಗಳು ಊರಿನಿಂದ ತರಿಸುತ್ತಾರೆ. ಹಾವೇರಿಯ ಆ ಮನೆಯವರು ಒಂದು ವರ್ಷ ವರಂಗಲ್ ಕಡೆಯ ಚಪಾಟಾ ಮೆಣಸಿನಕಾಯಿ ಹಾಕಿದರು. ಟೊಮೇಟೊದಂತೆ ಗುಂಡಗಿರುವ ಈ ಕಾಯಿಗೆ ಬಣ್ಣ ಹೆಚ್ಚು, ಉರಿ ಕಡಿಮೆ; 2025ರಲ್ಲಿ ಅದಕ್ಕೂ ಜಿ.ಐ. ಮಾನ್ಯತೆ ಬಂದಿದೆ. ಇದು ಪಾಠ ಕೆಟ್ಟದ್ದೋ, ಪಾಠಾಂತರವೋ? ನಮ್ಮ ಮತದಲ್ಲಿ ಪಾಠಾಂತರ. ಪೋರ್ಚುಗೀಸರ ಕಾಯಿಯನ್ನು ಒಪ್ಪಿಕೊಂಡ ಜಿಹ್ವೆ ವರಂಗಲ್ಲಿನದನ್ನು ಪರಕೀಯ ಎನ್ನುವುದು ನ್ಯಾಯವಲ್ಲ. ಬಣ್ಣಕ್ಕೆ ಇದು, ಖಾರಕ್ಕೆ ಅದು ಎಂಬ ಮೂಲಸೂತ್ರ ಕೆಡಲಿಲ್ಲವಲ್ಲ.

ಇನ್ನು ಕಲಬುರ್ಗಿಯ ಚೀಟಿ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ.

ಉದ್ದನೆಯ ಹಾಳೆ, ಅಡ್ಡಡ್ಡ ಮಡಚಿ ಮಡಚಿ ಮಡಿಕೆಗಳಲ್ಲಿ ಹರಿದಿದೆ. ಇಪ್ಪತ್ತೆರಡು ಜಿನಸುಗಳ ಹೆಸರು. ಒಣ ಮೆಣಸಿನಕಾಯಿ, ಹವೀಜ, ಜೀರಿಗಿ, ಶಹಾಜೀರಿಗಿ, ಎಳ್ಳು, ಖಸಖಸಿ, ಒಣಖೊಬ್ರಿ, ಲವಂಗ, ದಾಲ್ಚಿನ್ನಿ, ಯಾಲಕ್ಕಿ, ತೇಜಪತ್ತಾ, ದಗಡಫೂಲ, ಅರಿಷಿಣಕೊಂಬು, ಇಂಗು... ಹೀಗೆ. ಕನ್ನಡ ಲಿಪಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮೈ ತಾಗಿಸಿಕೊಂಡು ಕುಳಿತಿವೆ. ಹಳೆಯ ಹೈದರಾಬಾದ್ ಸಂಸ್ಥಾನದ ಬಜಾರು ಹೇಗಿತ್ತೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ದಗಡಫೂಲ ಎಂದರೆ ಕಲ್ಲುಹೂವು. ಅದು ಹೂವಲ್ಲ, ಬಂಡೆ-ಮರಗಳ ಮೇಲೆ ಬೆಳೆಯುವ ಕಲ್ಲುಪಾಚಿ, ಬೂಷ್ಟೂ ಪಾಚಿಯೂ ಕೂಡಿ ಬಾಳುವ ಸಂಸಾರ. ಹಸಿಯಾಗಿ ಮೂಸಿದರೆ ಏನೂ ಇಲ್ಲ; ಬಿಸಿ ಎಣ್ಣೆ ತಾಗಿದ ಮೇಲೆ ಅದರ ಗುಣ.

ಆದರೆ ಈ ಇಪ್ಪತ್ತೆರಡಕ್ಕೂ ಅಳತೆಯಿಲ್ಲ. ಪಾಲಿಲ್ಲ, ತೊಲವಿಲ್ಲ, ಹಿಡಿಯೂ ಇಲ್ಲ. ಕೆಳಗೆ ಒಂದೇ ಸಾಲು: 'ಹೋದ ವರ್ಷ ಮಾಡಿಧಂಗ ಮಾಡೂದು.'

ಮೊದಲ ನೋಟಕ್ಕೆ ಇದು ಚೀಟಿಯೇ ಅಲ್ಲ, ಕಿರಾಣಿ ಪಟ್ಟಿ. ನಮ್ಮ ಕಚೇರಿಯಲ್ಲಿ ಯಾರಾದರೂ 'ಹಿಂದಿನ ವರ್ಷದಂತೆ' ಎಂದಷ್ಟೇ ಬರೆದು ಕಡತ ಮೇಲಕ್ಕೆ ಕಳಿಸಿದರೆ, ಹಿಂದಿನ ವರ್ಷದ ಕಡತವನ್ನು ಲಗತ್ತಿಸಿ ಎಂದು ಅದು ಅದೇ ದಿನ ಹಿಂತಿರುಗುತ್ತದೆ. ಇಲ್ಲಿ ಹಿಂದಿನ ವರ್ಷದ ಕಡತ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ಆಕೆಗೆ ಅದು ಅವರ ಅತ್ತೆಯ ಹೋದ ವರ್ಷದಿಂದ, ಅವರಿಗೆ ಅವರ ಅತ್ತೆಯ ಹೋದ ವರ್ಷದಿಂದ ಬಂದದ್ದು. ಒಂದೊಂದು ಬೇಸಿಗೆಯೂ ಹಿಂದಿನ ಬೇಸಿಗೆಯನ್ನು ನೋಡಿ ಬರೆದ ಪ್ರತಿ. ಈ ವರ್ಷದ ಕಾಯಿ ಖಾರವಾದರೆ ಕೈ ಹಿಂದೆಗೆಯುವುದು, ಕೊಬ್ಬರಿ ಕನರಿದ್ದರೆ ಎಳ್ಳು ಹೆಚ್ಚಿಸುವುದು. ಅಳತೆ ಬರೆದಿಟ್ಟಿದ್ದರೆ ಬರುತ್ತಿದ್ದ ಪುಡಿಗಿಂತ ಇದು ಚೆನ್ನಾಗಿಯೇ ಬರುತ್ತಿತ್ತೆಂದು ಉಂಡವರು ಹೇಳುತ್ತಾರೆ, ನಾವೂ ಉಂಡಿದ್ದೇವೆ. ಜೋಳದ ರೊಟ್ಟಿಯ ಜೊತೆ ಬರೀ ಆ ಖಾರ, ಮೇಲೆ ಹಸಿ ಎಣ್ಣೆ ಹಾಕಿ ಕಲಸಿಕೊಟ್ಟರೆ ಪಲ್ಯ ಕೇಳುವ ಮನಸ್ಸಾಗುತ್ತಿರಲಿಲ್ಲ.

ಆಕೆ ತೀರಿಕೊಂಡು ಮೂರು ವರ್ಷವಾಯಿತು. ಮೂರು ಹೋದ ವರ್ಷಗಳು ಮಾಡದೆಯೇ ಹೋದವು. ಮನೆಯಲ್ಲಿ ಈಗ ತೆಲುಗು ಕಡೆಯ ಕಾರಂ ಪೊಟ್ಟಣವೂ ಬೆಂಗಳೂರಿನ ಸಾಂಬಾರ್ ಪೊಟ್ಟಣವೂ ಸರದಿಯ ಮೇಲೆ ನಡೆಯುತ್ತಿವೆ. ಅವು ಕೆಟ್ಟವೆಂದು ನಾವು ಹೇಳುವುದಿಲ್ಲ. ಆ ಮನೆಯ ಸೊಸೆಯೂ ಕೆಲಸಕ್ಕೆ ಹೋಗುವವರು, ಎಂಟು ಗಂಟೆಗೆ ಮನೆ ಬಿಟ್ಟರೆ ಏಳಕ್ಕೆ ಬರುವವರು. ಅವರನ್ನು ದೂರುವ ಹಕ್ಕು, ಜೀವಮಾನದಲ್ಲಿ ಒಂದು ದಿನವೂ ಮೆಂತ್ಯ ಹುರಿಯದ ನಮ್ಮಂಥ ಗಂಡಸರಿಗಿಲ್ಲ. ಪೊಟ್ಟಣಕ್ಕೆ ನಮ್ಮ ಆಕ್ಷೇಪ ಒಂದೇ. ಅದು ಪ್ರತಿ ಸಲವೂ ಒಂದೇ ತೆರನಾಗಿರುತ್ತದೆ. ಅದಕ್ಕೆ ಹೋದ ವರ್ಷ ಎಂಬುದಿಲ್ಲ.

ಡಬ್ಬಿಯ ತಳದಲ್ಲಿ ಎರಡು ಚಮಚೆಯಷ್ಟು ಹಳೆಯ ಖಾರ ಉಳಿದಿತ್ತು. ಮಗ ಅದನ್ನು ತಂದು, 'ನೀವು ಬಿ.ಎಸ್‌ಸಿ. ಮಾಡಿದವರು, ಇದರಿಂದ ಅಳತೆ ತೆಗೆಯಲಿಕ್ಕೆ ಬರುತ್ತದೇನ್ರಿ?' ಎಂದು ಕೇಳಿದರು. ಪ್ರಯೋಗಶಾಲೆಯಲ್ಲಿ ಬಣ್ಣ ಅಳೆಯಬಹುದು, ಕ್ಯಾಪ್ಸೈಸಿನ್ ಅಳೆಯಬಹುದು, ತೇವ ಅಳೆಯಬಹುದು. ಆದರೆ ಬಣ್ಣ ಬೆಳಕಿಗೆ ಮಾಸಿದೆ, ಸುವಾಸನೆಯ ತೈಲಗಳು ಹಾರಿಹೋಗಿವೆ. ಇದರಿಂದ ಇಪ್ಪತ್ತೆರಡು ಜಿನಸಿನ ಪಾಲನ್ನು ಹಿಂದಕ್ಕೆ ಓದುವುದು ಸುಟ್ಟ ಓಲೆಗರಿಯ ಬೂದಿಯಿಂದ ಕಾವ್ಯ ಓದಿದಂತೆ. ಹಾಗೆಂದೇ ಅವರಿಗೆ ತಿಳಿಸಿದೆವು. ಅವರು ಡಬ್ಬಿ ಮುಚ್ಚಿಕೊಂಡು ಹೋದರು. ತಳದ ಪುಡಿಯನ್ನು ಎಸೆದಿಲ್ಲ.

ಚೀಟಿಯ ಎರಡು ಸಾಲು ಮಾತ್ರ ತುಂಬಿದ್ದು ಬೇರೆ ಕಡೆಯಿಂದ. ಪಕ್ಕದ ಮನೆಯ ತೆಲುಗು ಅಮ್ಮನವರು ಪ್ರತಿ ಬೇಸಿಗೆ ಆಕೆಯ ಜೊತೆ ಕುಟ್ಟುವ ಗಿರಣಿಗೆ ಹೋಗುತ್ತಿದ್ದವರು. ಬಿಸಿಯಾಗುವ ಗಿರಣಿ ಬೇಡ, ಪುಡಿಯ ಬಣ್ಣ ಕಪ್ಪಾಗುತ್ತದೆ ಎಂದು ಇಬ್ಬರೂ ದೂರದ ಗಿರಣಿಯನ್ನೇ ಹುಡುಕಿಕೊಂಡು ಹೋಗುವ ಪೈಕಿ. ಚೀಲ ಹೊತ್ತದ್ದು ಅವರ ನೆನಪಿನಲ್ಲಿದೆ: ಮೆಣಸಿನಕಾಯಿ ಮೂರು ಕಿಲೋ, ಹವೀಜ ಒಂದು ಕಿಲೋ. ಉಳಿದದ್ದೆಲ್ಲ ಸಣ್ಣ ಸಣ್ಣ ಗಂಟುಗಳಲ್ಲಿ ಇರುತ್ತಿದ್ದವಂತೆ. ಗಂಟುಗಳನ್ನು ಆಕೆ ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ಕೊಬ್ಬರಿ ಬಟ್ಟಲು ಒಡೆಯುವ ಕೆಲಸ ತಮ್ಮದೇ ಆಗಿತ್ತು, ಆದರೆ ಎಷ್ಟೆಂದು ಎಣಿಸಿದ ನೆನಪಿಲ್ಲ, ಏಳೋ ಎಂಟೋ ಎಂದರು.

ಈ ಎರಡನ್ನು ಸೊಸೆ ಹಾಳೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾರೆ, ಕೊಬ್ಬರಿಯ ಮುಂದೆ '7-8' ಎಂದೂ ಒಂದು ಪ್ರಶ್ನಾರ್ಥಕ ಚಿಹ್ನೆ. ಬರುವ ಏಪ್ರಿಲ್‌ನಲ್ಲಿ ಕಾಲು ಭಾಗದಷ್ಟು ಮಾಡಿ ನೋಡುವ ಯೋಚನೆಯಂತೆ. ರುಚಿ ನೋಡಲು ತೆಲುಗು ಅಮ್ಮನವರನ್ನೂ, ಹಾವೇರಿಯ ಮನೆಯವರನ್ನೂ, ನಮ್ಮನ್ನೂ ಕರೆದಿದ್ದಾರೆ. ನಮ್ಮ ಮನೆಯವರು ಈಗಾಗಲೇ ಎಚ್ಚರಿಸಿದ್ದಾರೆ: ಅಲ್ಲಿ ಹೋಗಿ ಕ್ಯಾಪ್ಸಾಂಥಿನ್ ಎನ್ನಬೇಡಿ, ಉಪ್ಪು ಸರಿಯಿದೆಯೇ ಇಲ್ಲವೇ ಅಷ್ಟು ಹೇಳಿ ಬನ್ನಿ.